ಮೇಲಿನ ಬೆರಳಗಲ

ಜನವರಿ 6, ಮಂಗಳವಾರ

ಬೆಳಿಗ್ಗೆ ನಜೀರನ ಅಂಗಡಿಯ ಬೀಗ ತೆಗೆದೆ. ಮೀನಿನ ಟ್ಯಾಂಕಿನ ಗಾಜಿನ ಮೇಲೆ ಅವನು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದಾನೆ. ನೀರು ಗೆರೆಗಿಂತ ಕೆಳಗಿತ್ತು. ಕ್ಯಾನಿನ ಸಿಹಿನೀರು ನಿಧಾನಕ್ಕೆ ಸುರಿದೆ. ಗೆರೆಗೆ ಬಂತು.

ಕಡಿಮೆಯಾದಾಗ ಉಪ್ಪುನೀರು ಹಾಕುವಂತಿಲ್ಲ, ಸಿಹಿನೀರೇ ಹಾಕಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಹೊಳೆದಂಡೆಯ ನನ್ನ ಎರಡು ಎಕರೆ ಹಾಳಾಗಿದ್ದು ಹಾಗೇ. ಕಬ್ಬಿಗೆ ನೀರು ಬಿಟ್ಟೇ ಬಿಟ್ಟೆ, ಮಣ್ಣಿನ ಉಪ್ಪು, ಸವಳು, ಮೇಲೆ ಬಂತು, ಸುಣ್ಣ ಬಳಿದಂತೆ. ಅರ್ಧ ಆಯುಷ್ಯ ಹೊಲದಿಂದ ಉಪ್ಪು ಓಡಿಸುವುದರಲ್ಲಿ ಹೋಯಿತು. ಈಗ ಗಾಜಿನ ಪೆಟ್ಟಿಗೆಯಲ್ಲಿ ಉಪ್ಪು ಕಾಯುವ ಕೆಲಸ. ನಮ್ಮ ದೇವರು ಮಲ್ಲಯ್ಯನ ಚೇಷ್ಟೆ.

ನಜೀರಸಾಬ ಮಿರಜಿನ ಆಸ್ಪತ್ರೆಯಲ್ಲಿ. ಎದೆಯಲ್ಲಿ ಮೂರು ಕಡೆ ಬ್ಲಾಕ್. ಶುಕ್ರವಾರ ಆಪರೇಶನ್. ಹೆಂಡತಿ ಸರ್ವರಬಿ ಜೊತೆಗಿದ್ದಾಳೆ. ಮಗಳು ಕಹಕಶಾ ಚಿಕ್ಕೋಡಿಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ನೌಕರಿ. ಈ ಸಮುದ್ರದ ಮೀನಿನ ಟ್ಯಾಂಕು ತಂದುಕೊಟ್ಟವಳು ಅವಳೇ. ಎರಡು ವರ್ಷದ ಹಿಂದೆ ಮೊದಲ ಸಲ ಎದೆ ಹಿಡಿದಾಗ ಡಾಕ್ಟರು, ದಿನಾ ಒಂದು ತಾಸು ಏನೂ ಮಾಡದೆ ಕೂರು ಅಂದಿದ್ದರಂತೆ. ನಜೀರ ಕೂರುವ ಜಾತಿಯಲ್ಲ. ನಲವತ್ತು ವರ್ಷ ಮೋಟರ್ ರಿವೈಂಡಿಂಗ್. ನಮ್ಮ ಉಗಾರದ ಎಷ್ಟು ಬಾವಿಗಳ ಮೋಟರ್ ಅವನ ಕೈಯಲ್ಲಿ ಜೀವ ಪಡೆದವೋ. ಟ್ಯಾಂಕಿನ ಮುಂದೆ ಮಾತ್ರ ಕೂರುತ್ತಾನೆ. ಸ್ಟೂಲ್ ಹಾಕಿಕೊಂಡು, ಬಾಯಿ ಬಿಟ್ಟುಕೊಂಡು. ಅವನಿಗೆ ಅದೇ ಔಷಧ.

ಹೊರಡುವಾಗ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ:

"ಧರೆಪ್ಪ, ಮರಳಾಗ ಮೇಲಿಂದ ಬೆರಳಗಲ ಅಷ್ಟ ತೊಳಿ. ಕೆಳಗ ಕೈ ಹಾಕಬ್ಯಾಡ."

"ನನಗ ಮಣ್ಣಿನ ಪಾಠ ಹೇಳ್ತಿಯೇನಲೇ? ನಿನ್ನ ಎದಿ ನೋಡ್ಕೊ ಹೋಗ" ಅಂದೆ.

ಬಾಯಿಂದ ಒಳ್ಳೆಯ ಮಾತು ಬರಲಿಲ್ಲ. ಬರುವುದೇ ಇಲ್ಲ. ಜೀಪು ಹೋದ ಮೇಲೆ ಬಹಳ ಹೊತ್ತು ನಿಂತಿದ್ದೆ.

ಜನವರಿ 7

ಮರಳು ತೊಳೆಯುವ ರೀತಿ ಬರೆದಿಡುತ್ತೇನೆ, ಮರೆಯುತ್ತೇನೆ. ಸಣ್ಣ ಪೈಪು. ಒಂದು ತುದಿ ಮರಳಿನ ಮೇಲೆ, ಇನ್ನೊಂದು ಬಕೀಟಿನಲ್ಲಿ. ಬಾಯಿಂದ ಒಮ್ಮೆ ಎಳೆದರೆ ನೀರು ತಾನೇ ಇಳಿಯುತ್ತದೆ. (ಬಾಯಿಗೆ ಬಂತು. ಥೂ.) ಮರಳಿನ ಮೇಲೆ ಕೂತ ಹೊಲಸು, ಕಂದು ಪಾಚಿ, ಮೀನಿನ ಹಿಕ್ಕೆ — ಎಲ್ಲ ಬಕೀಟಿಗೆ. ಮರಳು ಕೆಳಗೇ ಉಳಿಯಬೇಕು. ಹೋದಷ್ಟು ನೀರನ್ನು ನೀಲಿ ಬ್ಯಾರಲ್ಲಿನಿಂದ ಹಾಕಬೇಕು. ಅದರಲ್ಲಿ ಕಹಕಶಾ ಉಪ್ಪು ಕಲಸಿಟ್ಟಿದ್ದಾಳೆ, ಅಳತೆ ನೋಡಿ.

ಮರಳು ನಮ್ಮ ಹೊಳೆಯದಲ್ಲ. ಬೆಳ್ಳಗಿದೆ, ಹವಳದ ಪುಡಿಯಂತೆ. ಗೇಣಿಗೆ ಸ್ವಲ್ಪ ಕಡಿಮೆ ದಪ್ಪ. ಅದರಲ್ಲಿ ದುಡಿಯುವವರಿದ್ದಾರೆ. ಬಸವನಹುಳುಗಳು ಮರಳೊಳಗೆ ಹೂತುಕೊಂಡು ಸೊಂಡಿಲು ಮಾತ್ರ ಹೊರಗೆ ಹಾಕಿರುತ್ತವೆ. ಇನ್ನೊಂದು ಮೀನು, ಬಿಳಿ ಮೈ, ಕೆನ್ನೆಯ ಮೇಲೆ ನೀಲಿ ಚುಕ್ಕಿ. ದಿನವಿಡೀ ಬಾಯಿ ತುಂಬ ಮರಳು ತುಂಬಿಕೊಳ್ಳುತ್ತದೆ, ಜಾಲಾಡಿಸಿ ಕಿವಿರಿನಿಂದ ಸುರಿಯುತ್ತದೆ. ನಜೀರ ಇದಕ್ಕೆ ಹಮಾಲ ಅಂತ ಹೆಸರಿಟ್ಟಿದ್ದಾನೆ. ಕೂಲಿ ಕೇಳುವುದಿಲ್ಲ. ಮೇಲೆ ನಿಂತು ದುಡಿಸಲು ಮುಕಾದಮ ಬೇಕಿಲ್ಲ. ಇಂಥ ಆಳು ಜನ್ಮದಲ್ಲಿ ನೋಡಿಲ್ಲ.

ಉಳಿದದ್ದು ಎರಡು ಕೇಸರಿ ಮೀನು, ಮೈಮೇಲೆ ಬಿಳಿ ಪಟ್ಟಿ. ಗಂಡ ಹೆಂಡತಿಯಂತೆ. ಹೆಣ್ಣು ದೊಡ್ಡದು, ಗಂಡನ್ನು ಅಟ್ಟಾಡಿಸುತ್ತದೆ. ನನ್ನ ಹೆಂಡತಿ ಕಾಳವ್ವನಿಗೆ ಇದು ಬಹಳ ಸೇರಿದೆ.

ಜನವರಿ 8

ಕಬ್ಬು ಕಡಿಯುವ ಗ್ಯಾಂಗು ಇವತ್ತೂ ಬರಲಿಲ್ಲ. ಮುಕಾದಮನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತೆ. ಹಮಾಲ ಮರಳು ಹೊರುತ್ತಿದ್ದ. ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ.

ಇದೇ ಔಷಧ ಅಂತ ನಜೀರ ಹೇಳುತ್ತಿದ್ದದ್ದು ಸುಳ್ಳಲ್ಲ.

ಜನವರಿ 9, ಶುಕ್ರವಾರ, ಮಧ್ಯಾಹ್ನ

ನಜೀರನನ್ನು ಬೆಳಿಗ್ಗೆಯೇ ಒಳಗೆ ಒಯ್ದರಂತೆ. ಇನ್ನೂ ಸುದ್ದಿ ಇಲ್ಲ. ಕಾಳವ್ವ ದೇವರ ಮುಂದೆ ಕೂತವಳು ಎದ್ದಿಲ್ಲ. ಒಲೆ ಹಚ್ಚಿಲ್ಲ. ನಾನೂ ಕೇಳಲಿಲ್ಲ.

ಸಂಜೆ

ಸರ್ವರಬಿ ಫೋನ್ ಮಾಡಿದಳು. ಅಳುತ್ತಿದ್ದಳು. ಆಮೇಲೆ ಮಾತು ತಿಳಿಯಿತು — "ಅಣ್ಣಾ, ಕಣ್ಣ ತಗದಾರ್ರಿ. ನನ್ನ ನೋಡ್ಯಾರ."

ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕಾಳವ್ವ ಮಂಗಸೂಳಿ ಮಲ್ಲಯ್ಯನಿಗೆ ಬೇಡಿಕೊಂಡಿದ್ದಳಂತೆ. ನಜೀರಸಾಬ ಕಣ್ಣು ತೆಗೆದರೆ ಬಂದು ಅರಿಸಿನದ ಭಂಡಾರ ಹಾರಿಸುತ್ತೇನೆ ಅಂತ. ಮುಸಲ್ಮಾನನ ಹೆಸರು ಹೇಳಿದರೆ ಮಲ್ಲಯ್ಯ ಏನೆನ್ನುತ್ತಾನೆ ಅಂತ ಚೇಷ್ಟೆ ಮಾಡಿದೆ. ಹೆಸರು ಹೇಳಿಲ್ಲ, ನಮ್ಮ ಬಾವಿಗೆ ಮೋಟರ್ ಕೂಡಿಸಿದವರು ಅಂದೆ, ಅವನಿಗೆ ಗೊತ್ತಾಗುತ್ತದೆ ಅಂದಳು.

ಜನವರಿ 11, ರವಿವಾರ

ಕಾಳವ್ವ ಬೆಳಗಿನ ಬಸ್ಸಿಗೆ ಮಂಗಸೂಳಿಗೆ ಹೋಗಿ ಹರಕೆ ತೀರಿಸಿ ಬಂದಳು. ಸೀರೆ, ಕೂದಲು, ಚಪ್ಪಲಿ ಎಲ್ಲ ಹಳದಿ. ಸೆರಗಿನಲ್ಲಿ ಭಂಡಾರದ ಗಂಟು. ನನ್ನ ಹಣೆಗೆ ಬಳಿದಳು. ಎತ್ತುಗಳಿಗೆ, ಟ್ರ್ಯಾಕ್ಟರಿಗೆ, ಬಾವಿಯ ಸ್ಟಾರ್ಟರಿಗೆ. ನಾನು ಹೊಲಕ್ಕೆ ಹೋದೆ.

ಸಂಜೆ ಅಂಗಡಿಗೆ ಬಂದರೆ ಕಾಳವ್ವ ಬೀಗ ತೆಗೆದು ಒಳಗೇ ಇದ್ದಳು. ಹೊಸ್ತಿಲ ಮೇಲೆ ಹಳದಿ. ಟ್ಯಾಂಕಿನೊಳಗೂ ಹಳದಿ! ಒಂದು ಮುಷ್ಟಿ ನೀರಿಗೇ ಹಾರಿಸಿದ್ದಾಳೆ, ನಜೀರನ ಈ ಮಕ್ಕಳಿಗೂ ಇರಲಿ ಅಂತ. ನೀರು ಮೋಡವಾಗಿತ್ತು. ಬೆಳ್ಳನೆ ಮರಳು ಅರಿಸಿನದ ಕಣವಾಗಿತ್ತು.

ಬೈದೆ. ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಬೈದೆ. ಅವಳು ಸೆರಗಿನಿಂದ ಗಾಜು ಒರೆಸಲು ಹೋದಳು, ಗಾಜಿಗೂ ಹಳದಿ ಹತ್ತಿತು.

ಮೀನು ಮಾತ್ರ ಆರಾಮ ಇದ್ದವು. ಹಮಾಲ ಹಳದಿ ಮರಳು ಬಾಯಿಗೆ ಹಾಕಿಕೊಂಡು ಉಗುಳಿದ. ಮತ್ತೆ ಹಾಕಿಕೊಂಡ.

ಜನವರಿ 12, ಸೋಮವಾರ

ನನ್ನ ಕೈ ಮುರಿಯಲಿ.

ಬೆಳಿಗ್ಗೆ ಪೈಪು ಹಾಕಿ ಮೇಲಿನದು ಎಳೆದೆ. ಅರ್ಧ ಹೋಯಿತು. ಉಳಿದದ್ದು ಹರಳಿಗೆ ಬಣ್ಣ ಕಚ್ಚಿದಂತೆ ಕೂತಿತ್ತು. ನಜೀರ ಬರುವಷ್ಟರಲ್ಲಿ ಮೊದಲಿನಂತೆ ಬೆಳ್ಳಗೆ ಇರಬೇಕು ಅಂತ ಒಂದೇ ಹಟ. ಹೊಲದಲ್ಲಿ ಏನು ಮಾಡುತ್ತೇವೆ? ಮೇಲೆ ಕಸ ಆದರೆ ಆಳವಾಗಿ ಹರಗುತ್ತೇವೆ. ಮೇಲಿನದು ಕೆಳಗೆ ಹೋಗಿ ಕೊಳೆಯುತ್ತದೆ, ಕೆಳಗಿನ ಹೊಸ ಮಣ್ಣು ಮೇಲೆ ಬರುತ್ತದೆ, ಭೂಮಿ ಉಸಿರಾಡುತ್ತದೆ. ಮರದ ಸೌಟು ತೆಗೆದುಕೊಂಡೆ. ತಳ ಮುಟ್ಟುವ ತನಕ ಹರಗಿದೆ. ಈ ತುದಿಯಿಂದ ಆ ತುದಿಗೆ, ಸಾಲು ಹಿಡಿದು.

ಕೆಳಗಿನಿಂದ ಬಂದದ್ದು ಬಿಳಿಯಲ್ಲ. ಕರಿ. ಗುಳ್ಳೆ ಎದ್ದವು. ಕೊಳೆತ ತತ್ತಿಯ ವಾಸನೆ. ಆ ವಾಸನೆ ನನಗೆ ಗೊತ್ತು — ಸವಳು ಹೊಲದಲ್ಲಿ ನೀರು ಬಸಿಯಲು ಚರಂಡಿ ತೋಡಿದಾಗ ಬಂದದ್ದು ಇದೇ. ಗೊತ್ತಿದ್ದವನೇ ತೋಡಿದೆ.

ಕೇಸರಿ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಹಮಾಲ ಕಾಣಲಿಲ್ಲ.

ಕಹಕಶಾಗೆ ಫೋನ್ ಹಚ್ಚಿದೆ. ಲ್ಯಾಬಿನಲ್ಲಿದ್ದಳು, ಹೊರಗೆ ಬಂದು ಎತ್ತಿದಳು. ನಾನು ಏನು ಹೇಳಿದೆನೋ, ಅವಳಿಗೆ ಹೇಗೆ ತಿಳಿಯಿತೋ.

"ಕಾಕಾ, ಸೌಟ ಕೆಳಗ ಇಡ್ರಿ. ಮರಳ ಮುಟ್ಟಬ್ಯಾಡ್ರಿ. ಬ್ಯಾರಲ್ ನೀರ ಬಕೀಟಿಗೆ ಹಾಕಿ ಮೀನ ಅದ್ರಾಗ ಬಿಡ್ರಿ. ಗಾಳಿ ಪೈಪ ಹಚ್ಚರಿ. ನಾ ಬರಾಕತ್ತೀನಿ."

ಹಾಗೇ ಮಾಡಿದೆ. ಎರಡು ಕೇಸರಿ ಸಿಕ್ಕವು. ಗಾಳಿ ಪೈಪು ಹಚ್ಚಿದೆ. ಕರೆಂಟ್ ಹೋಯಿತು.

ಇನ್ವರ್ಟರಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಊರ ಮೋಟರೆಲ್ಲ ರಿಪೇರಿ ಮಾಡುವವನ ಅಂಗಡಿಯ ಹಣೆಬರಹ ಇದು. ಚೊಂಬು ತೆಗೆದುಕೊಂಡೆ. ಬಕೀಟಿನ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿದೆ, ಗಾಳಿ ಸೇರಲಿ ಅಂತ. ಎತ್ತು, ಸುರಿ. ರಟ್ಟೆ ಬಿದ್ದುಹೋಯಿತು. ಕಾಳವ್ವ ಬಂದಳು, ನಿನ್ನೆ ಅಷ್ಟು ಬೈಸಿಕೊಂಡವಳು. ಏನೂ ಕೇಳದೆ ಕೈಯಿಂದ ಚೊಂಬು ಇಸಿದುಕೊಂಡಳು. ಅವಳು ಸುರಿದಳು, ನಾನು ಸುರಿದೆ. ಕಹಕಶಾ ಬಸ್ಸು ಬದಲಿಸಿ ಬಂದು ಮುಟ್ಟುವ ತನಕ.

ಬಂದವಳು ಟ್ಯಾಂಕಿನ ನೀರು ಪೈಪು ಹಾಕಿ ಇಳಿಸಿದಳು, ಬ್ಯಾರಲ್ಲಿನದು ತುಂಬಿಸಿದಳು, ಕೆಟ್ಟದ್ದು ಹೀರಲಿ ಅಂತ ಇದ್ದಿಲಿನ ಚೀಲ ಇಳಿಬಿಟ್ಟಳು. ಕಾಳವ್ವ ಬುತ್ತಿ ತರಲು ಮನೆಗೆ ಹೋದಾಗ ಕೇಳಿದೆ — ಭಂಡಾರದಿಂದ ಹೀಗಾಯಿತಾ?

ಒಂದು ಮುಷ್ಟಿ ಅರಿಸಿನ ಅಷ್ಟು ಮಾಡುವುದಿಲ್ಲ ಅಂದಳು. ಆಳದಲ್ಲಿ ಗಾಳಿ ಇಲ್ಲದ ಕಡೆ ಕೆಟ್ಟ ಗ್ಯಾಸು ಕೂತಿರುತ್ತದೆ. ಕೆದಕದಿದ್ದರೆ ಅದು ಅಲ್ಲೇ ಇರುತ್ತದೆ, ಮೇಲಿನವರ ತಂಟೆಗೆ ಬರುವುದಿಲ್ಲ. ತಲೆ ತಗ್ಗಿಸಿ, ಮೆಲ್ಲಗೆ ಹೇಳಿದಳು. ಬೈದಿದ್ದರೆ ಒಳ್ಳೆಯದಿತ್ತು.

ಅಬ್ಬಾಗೆ ಈಗಲೇ ಹೇಳಬೇಡಿ, ಡಾಕ್ಟರು ಟೆನ್ಶನ್ ಬೇಡ ಅಂದಿದ್ದಾರೆ ಅಂದಳು.

ಜನವರಿ 13

ಹಮಾಲ ಸಿಕ್ಕ. ಕಲ್ಲಿನ ಹಿಂದೆ. ಬಾಯಲ್ಲಿ ಇನ್ನೂ ನಾಲ್ಕು ಹರಳು ಮರಳಿತ್ತು.

ಅಂಗಡಿಯ ಹಿಂದೆ ಕರಿಬೇವಿನ ಬುಡದಲ್ಲಿ ಹೂಳಿದೆ. ಬಸವನಹುಳು ಅರ್ಧಕ್ಕರ್ಧ ಹೋಗಿವೆ. ಕೇಸರಿ ಎರಡೂ ಬಕೀಟಿನಲ್ಲಿವೆ, ಬದುಕಿವೆ. ಹೆಣ್ಣು ಬಕೀಟಿನಲ್ಲೂ ಗಂಡನ್ನು ಅಟ್ಟುತ್ತಿದೆ. ಅದನ್ನು ನೋಡಿ ಮೊದಲ ಸಲ ಊಟ ಸೇರಿತು.

ಕಾಳವ್ವ ಉಣ್ಣುತ್ತಿಲ್ಲ. ತನ್ನ ಕೈಯಿಂದ ಸತ್ತಿತು ಅಂದುಕೊಂಡಿದ್ದಾಳೆ. ಅಲ್ಲ ಅಂತ ಹೇಳಬೇಕು. ಹೇಳಲು ಹೋದೆ. ದನಕ್ಕೆ ಮೇವು ಹಾಕಲು ಎದ್ದು ಹೋದೆ.

ಜನವರಿ 15, ಸಂಕ್ರಾಂತಿ

ನಜೀರ ವೀಡಿಯೋ ಕಾಲ್ ಮಾಡಿದ. ಪ್ರತಿ ವರ್ಷ ಸಂಕ್ರಾಂತಿಗೆ ಎಲ್ಲರಿಗಿಂತ ಮೊದಲು ಅವನೇ ನಮ್ಮ ಮನೆಗೆ ಬಂದು "ತಿಳಗುಳ ಘ್ಯಾ, ಗೋಡ ಬೋಲಾ" ಅಂತ ಕೈಗೆ ಎಳ್ಳುಂಡಿ ಇಡುವವನು. ಎಳ್ಳು ತಿಂದು ಸವಿ ಮಾತಾಡು ಅಂತ. ನಾನು ಪ್ರತಿ ವರ್ಷ ಎಳ್ಳು ತಿಂದು, "ಮೋಟರ್ ಯಾಕ ಸದ್ದ ಮಾಡಾಕತ್ತೈತಿ, ಬಂದು ನೋಡಲೇ" ಅನ್ನುವವನು. ಇದೊಂದು ರೂಢಿ.

ಮುಖ ಸೊರಗಿದೆ. ಗಡ್ಡ ಬಂದಿದೆ. ದನಿ ಬಾವಿಯೊಳಗಿನಿಂದ ಬಂದಂತೆ. ಮೊದಲ ಮಾತೇ — ಟ್ಯಾಂಕ ತೋರಸು.

ನನ್ನ ಹಿಂದೆ ಬರೀ ಗೋಡೆ ಕಾಣುವಂತೆ ಫೋನ್ ತಿರುಗಿಸಿ ಹಿಡಿದೆ. ಚಾರ್ಜ್ ಇಲ್ಲ ಅಂದೆ. ಎಲ್ಲ ಆರಾಮ ಇವೆ, ನಿನ್ನ ದಾರಿ ಕಾಯುತ್ತಿವೆ, ಹಮಾಲ ದುಡಿಯುತ್ತಿದ್ದಾನೆ, ನೀನು ಏನೂ ಚಿಂತೆ ಮಾಡಬೇಡ ತಮ್ಮಾ, ಎಳ್ಳು ತಿನ್ನು, ಆರಾಮಾಗಿ ಬಾ ಅಂದೆ. ಮಾತು ಬೆಣ್ಣೆಯಂತೆ ಬಂತು. ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಯ್ತು ಅಂದ. ಇಟ್ಟ.

ಎಳ್ಳು ಬಾಯಲ್ಲಿ ಕಹಿಯಾಯಿತು. ಸತ್ತ ಹಮಾಲನನ್ನು ದುಡಿಯುತ್ತಿದ್ದಾನೆ ಅಂದೆ.

ಜನವರಿ 17

ಕಹಕಶಾ ರಜೆಗೆ ಬಂದು ನೀರು ಪರೀಕ್ಷೆ ಮಾಡಿದಳು. ಬಾಟಲಿಗೆ ಹನಿ ಹಾಕಿ ಬಣ್ಣ ನೋಡುತ್ತಾಳೆ. ಪರವಾಗಿಲ್ಲ ಅಂದಳು. ಕೇಸರಿಗಳನ್ನು ಟ್ಯಾಂಕಿಗೆ ಬಿಟ್ಟೆವು. ಮೂಲೆ ಹಿಡಿದು ಕೂತವು, ಆಮೇಲೆ ತಿರುಗಾಡಿದವು.

ಮರಳು ಮೇಲೆ ಬೂದಿ ಬಣ್ಣ. ಹಳದಿ ಮೇಲಿಲ್ಲ. ನಾನು ಹರಗಿದಾಗ ಕೆಳಗೆ ಹೋಗಿದೆ. ಗಾಜಿನ ಹತ್ತಿರ ಕಣ್ಣಿಟ್ಟರೆ ಕಾಣುತ್ತದೆ — ಮರಳಿನ ನಡುವೆ ಒಂದು ಹಳದಿ ಗೆರೆ, ಈ ತುದಿಯಿಂದ ಆ ತುದಿಗೆ. ಸೀರೆಯ ಅಂಚಿನಷ್ಟು.

ನಾಡಿದ್ದು ಮಿರಜಿಗೆ ಹೋಗುತ್ತೇನೆ. ನನ್ನಿಂದ ಇದನ್ನು ಹೊತ್ತುಕೊಂಡು ಇರಲಾಗುವುದಿಲ್ಲ. ಕಹಕಶಾ ಡಾಕ್ಟರನ್ನು ಕೇಳಿದ್ದಾಳೆ. ಈಗ ವಾರ್ಡಿನಲ್ಲಿ ನಡೆದಾಡುತ್ತಾನೆ, ಮೆಲ್ಲಗೆ ಹೇಳಿದರೆ ತೊಂದರೆ ಇಲ್ಲ ಅಂದರಂತೆ. ಮೆಲ್ಲಗೆ ಹೇಳುವುದು. ನಾನು.

ಜನವರಿ 19, ಸೋಮವಾರ

ಬೆಳಗಿನ ಪ್ಯಾಸೆಂಜರಿಗೆ ಹೋದೆವು. ಕಾಳವ್ವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಮಡಿಲಲ್ಲಿ ಎಳ್ಳಿನ ಡಬ್ಬಿ.

ನಜೀರ ಮಂಚದ ಮೇಲೆ ಕೂತಿದ್ದ. ಎದೆಗೆ ದಿಂಬು ಅವಚಿಕೊಂಡಿದ್ದ. ಕೆಮ್ಮಿದರೆ, ನಕ್ಕರೆ ದಿಂಬು ಒತ್ತಿ ಹಿಡಿಯಬೇಕಂತೆ, ಇಲ್ಲದಿದ್ದರೆ ಎದೆಯ ಎಲುಬು ನೋಯುತ್ತದಂತೆ. ಸರ್ವರಬಿ ನಮಗೆ ಸ್ಟೂಲ್ ಸರಿಸಿದಳು. ಕಾಳವ್ವ ಡಬ್ಬಿ ಕೆಳಗಿಟ್ಟು ಕೈ ಮುಗಿದಳು. ಅಣ್ಣಾ, ನನ್ನ ಭಂಡಾರದಿಂದ ಅಂತ ಶುರು ಮಾಡಿ ಮುಂದೆ ಹೋಗಲಾರದೆ ನಿಂತಳು.

"ಅಕಿಂದಲ್ಲ" ಅಂದೆ. "ಅಕಿ ಹರಕಿ ತೀರ್ಸ್ಯಾಳ. ನಾ ಹರಗೀನಿ. ತಳಾ ತನಕ. ನೀ ಬ್ಯಾಡ ಅಂದಿದ್ದಿ, ನಾ ಹರಗೀನಿ. ಹಮಾಲ ಸತ್ತ."

ಕಾಳವ್ವ ನನ್ನ ಕಡೆ ತಿರುಗಿದಳು. ವಾರದಿಂದ ಮುಖ ಎತ್ತಿರಲಿಲ್ಲ.

ನಜೀರ ದಿಂಬು ಗಟ್ಟಿಯಾಗಿ ಅವಚಿದ. ಎದೆ ನೋವು ಬಂತು ಅಂದುಕೊಂಡೆ, ನರ್ಸನ್ನು ಕೂಗಲು ಎದ್ದೆ. ಅವನು ನಗುತ್ತಿದ್ದ.

"ಕುಂಡ್ರ ಮಾರಾಯ. ನಗಸಬ್ಯಾಡ, ಹೊಲಿಗಿ ಬಿಚ್ಚತಾವ. ನನಗ ಸಂಕ್ರಾಂತಿ ದಿನಾನ ಗೊತ್ತಾತು."

"ಯಾರ ಹೇಳಿದ್ರು?"

"ನೀನ ಹೇಳಿದಿ. ಜನ್ಮದಾಗ ನನ್ನ ಜೊತಿ ಸವಿ ಮಾತಾಡಿಲ್ಲ ನೀ. ಅವತ್ತ ತಮ್ಮಾ ಅಂದಿ. ಏನೋ ಸತ್ತೈತಿ ಅಂತ ಅವತ್ತ ತಿಳದೆ."

ಸರ್ವರಬಿಯೂ ನಕ್ಕಳು. ಪಕ್ಕದ ಮಂಚದವನೂ ತಿರುಗಿ ನೋಡಿದ. ನನಗೆ ಸಿಟ್ಟು ಬಂತು. ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ, ನಾನು ನಿದ್ದೆಗೆಟ್ಟು ಸತ್ತೆ ಅಂತ ರೇಗಿದೆ. "ಹಾಂ, ಈಗ ಸಮಾಧಾನ ಆತು ನೋಡ" ಅಂದ.

ಆಮೇಲೆ ಕಣ್ಣು ಒರೆಸಿಕೊಂಡ. ನಗುವಿಗೋ ಹಮಾಲನಿಗೋ ತಿಳಿಯಲಿಲ್ಲ. ಎಲ್ಲಿ ಹೂಳಿದೆ ಅಂತ ಕೇಳಿದ. ಕರಿಬೇವಿನ ಬುಡ ಅಂದೆ. ತಲೆ ಆಡಿಸಿದ.

ವಾಪಸು ರೈಲಿನಲ್ಲಿ ಕಾಳವ್ವ ಡಬ್ಬಿಯಲ್ಲಿ ಉಳಿದಿದ್ದ ಎಳ್ಳು ನನ್ನ ಕೈಗೆ ಹಾಕಿದಳು. ತಾನೂ ತಿಂದಳು. ಶೇಡಬಾಳ ಸ್ಟೇಶನ್ ದಾಟಿದ ಮೇಲೆ, ನಿಮಗೆ ಆಸ್ಪತ್ರೆಯಲ್ಲಿ ಹೇಳಲು ಆಗುತ್ತದೆ, ಮನೆಯಲ್ಲಿ ಹೇಳಲು ಆಗುವುದಿಲ್ಲ ಅಲ್ಲವೇ ಅಂದಳು. ಅದು ಪ್ರಶ್ನೆಯಲ್ಲ.

ಎಂಥ ಮಂದಿಯ ನಡುವೆ ಇಟ್ಟಿದ್ದಾನೆ ದೇವರು ನನ್ನನ್ನು. ನನ್ನ ನಾಲಿಗೆ ನೋಡಿದರೆ ಇಷ್ಟು ಸಿಗಬಾರದಿತ್ತು.

ಜನವರಿ 24, ಶನಿವಾರ

ನಜೀರ ಬಂದ. ಮನೆಗೆ ಹೋಗಲಿಲ್ಲ, ಮೊದಲು ಅಂಗಡಿ. ಸರ್ವರಬಿ ಒಂದು ಕಡೆ, ನಾನು ಒಂದು ಕಡೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿದೆವು. ಸ್ಟೂಲ್ ಬೇಡ, ಬೆನ್ನಿರುವ ಕುರ್ಚಿ ಅಂತ ಕಹಕಶಾ ಬದಲಿಸಿದಳು.

ಬಹಳ ಹೊತ್ತು ನೋಡಿದ. ನಾನು ಅವನನ್ನು ನೋಡುತ್ತಿದ್ದೆ. ಕೇಸರಿ ಹೆಣ್ಣು ಗಾಜಿನ ತನಕ ಬಂತು, ಅವನ ಬೆರಳಿನ ಹಿಂದೆ ಹಿಂದೆ ಹೋಯಿತು. ಗುರುತು ಮರೆತಿಲ್ಲ.

ಹಳದಿ ಗೆರೆ ಅವನ ಕಣ್ಣಿಗೆ ಬಿತ್ತು. ಬಗ್ಗಿ ನೋಡಲು ಹೋದ, ಎದೆ ಹಿಡಿಯಿತು. ಕಹಕಶಾ ಅಂದಳು, ಆ ಕಡೆಯ ಮರಳು ತೆಗೆದು ಹೊಸದು ಹಾಕೋಣ, ಸ್ವಲ್ಪ ಸ್ವಲ್ಪವಾಗಿ, ತಾನೇ ಮಾಡುತ್ತೇನೆ.

"ಯಾಕ? ಅದೇನ ಹೊಲಸಲ್ಲ. ಕಾಳವ್ವ ನನ್ನ ಹೆಸರಲೆ ಹಾರಸಿದ್ದು. ಇರ್ಲಿ ಬಿಡ" ಅಂದ.

ಕಾಳವ್ವ ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗೆ ಹಿಡಿದು ಹಿತ್ತಲಿಗೆ ಹೋದಳು.

ಹೊಸ ಹಮಾಲನನ್ನು ತರೋಣವೇ ಅಂತ ಕಹಕಶಾ ಕೇಳಿದಳು. ಈಗ ಬೇಡ, ಮರಳು ಇನ್ನೊಂದಿಷ್ಟು ದಿನ ತಣ್ಣಗೆ ಕೂರಲಿ, ಹೊಸ ಮೀನಿನ ಹೊಟ್ಟೆಗೂ ಅದರಲ್ಲಿ ಏನಾದರೂ ಹುಟ್ಟಬೇಕಲ್ಲ ಅಂದ. ಆಮೇಲೆ ನನ್ನ ಕಡೆ ನೋಡಿದ.

"ಅಲ್ಲೀತನಕ ಹಮಾಲ ನೀನ."

ಫೆಬ್ರವರಿ 1, ರವಿವಾರ

ಎರಡು ತಿಂಗಳು ಭಾರ ಎತ್ತಬಾರದು, ಕೈ ತಲೆಯ ಮೇಲೆ ಎತ್ತಬಾರದು ಅಂದಿದ್ದಾರೆ ನಜೀರನಿಗೆ. ಹಾಗಾಗಿ ಮರಳಿನ ಪಾಳಿ ನನ್ನದೇ. ಇವತ್ತು ಪೈಪು ಹಾಕಿದೆ. ಅವನು ಕುರ್ಚಿಯಲ್ಲಿ ದಿಂಬು ಅವಚಿಕೊಂಡು ಕೂತು ಹುಕುಂ ಮಾಡಿದ. ಎಡಕ್ಕೆ. ಮೆಲ್ಲಗೆ. ಅಲ್ಲಿ ಹುಳು ಇದೆ, ಬಿಡು. ಇಷ್ಟು ಮಾತು ಬೇರೆ ಯಾರಾದರೂ ಅಂದಿದ್ದರೆ ಪೈಪು ಅವನ ಕೊರಳಿಗೆ ಹಾಕುತ್ತಿದ್ದೆ. ಸುಮ್ಮನೆ ಮಾಡಿದೆ. ಮೇಲಿನ ಬೆರಳಗಲ, ಅಷ್ಟೇ.

ಹಿಂದೆ ಕಾಳವ್ವ, ಸರ್ವರಬಿ ಹಸಿ ಕಡಲೆ ಸುಲಿಯುತ್ತ ಕೂತಿದ್ದರು. ಮೆಲ್ಲಗೆ ಮಾತು, ಒಮ್ಮೊಮ್ಮೆ ನಗು. ನಮ್ಮ ಬಗ್ಗೆಯೇ ಇರಬೇಕು.

ಮರಳು ಬೆಳ್ಳಗಾಗುತ್ತಿದೆ. ತಾನೇ. ಉಳಿದ ಬಸವನಹುಳುಗಳು ಸೊಂಡಿಲು ಹೊರಗೆ ಹಾಕಿವೆ. ಗೆರೆ ಹಾಗೇ ಇದೆ, ನಡುವೆ.

ಬಾವಿಯ ಮೋಟರ್ ಸುಟ್ಟ ಬೇಸಿಗೆಯದು ಬರೆಯಬೇಕು ಅಂತ ಬಹಳ ದಿನದಿಂದ ಇದೆ. ಕಬ್ಬು ಒಣಗಿ ನಿಂತಿತ್ತು. ನಜೀರ ಜ್ವರದಲ್ಲಿ ಸೈಕಲ್ ತುಳಿದು ಬಂದು, ಬಾವಿಗೆ ಇಳಿದು, ನೀರು ಎತ್ತಿಸಿಯೇ ಹೋದದ್ದು. ಆ ದಿನ ನಾನು ಅವನಿಗೆ ಏನೂ ಹೇಳಲಿಲ್ಲ. ಚಹಾ ಕುಡಿ ಅಂದೆ ಅಷ್ಟೇ. ಈಗಲಾದರೂ ಇಲ್ಲಿ

ಕರೆಂಟ್ ಹೋಯಿತು. ಅಂಗಡಿಗೆ ಬ್ಯಾಟರಿ ಇನ್ನೂ ತಂದಿಲ್ಲ. ಈ ನಜೀರ ಕೇಳುವುದಿಲ್ಲ, ಟ್ಯಾಂಕಿಗೆ ಗಾಳಿ ಸೇರಲಿ ಅಂತ ತಾನೇ ಚೊಂಬು ಎತ್ತಲು ಹೋಗುತ್ತಾನೆ. ಕಾಳವ್ವ ಆಗಲೇ ಚಪ್ಪಲಿ ಮೆಟ್ಟಿದ್ದಾಳೆ. ಹೋಗಿ ಬಂದು ಬರೆ